ಎರಡು ಬೆರಳು ಕಡಿಮೆ



ಬೇಸಿಗೆ ರಜೆ ಬಂತೆಂದರೆ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಎಂಬ ಮಾತು ಮನೆಮನೆಯಲ್ಲೂ ಶುರುವಾಗುತ್ತದೆ. ಪುತ್ತೂರು, ಬಂಟ್ವಾಳ, ಕುಂದಾಪುರ, ಭಟ್ಕಳದ ಕಡೆ ಎಷ್ಟೋ ಮನೆಗಳಲ್ಲಿ ಅದೇ ಮಾತಿಗೆ ಇನ್ನೊಂದು ರೂಪ ಇದೆ. ಈ ಸಲ ಅಪ್ಪ ಬರುವುದೋ, ನಾವೇ ಅಲ್ಲಿಗೆ ಹೋಗುವುದೋ? ನಮ್ಮದೂ ಅಂಥ ಮನೆ. ಯಜಮಾನರಿಗೆ ಜಿದ್ದಾದಲ್ಲಿ ಕೆಲಸ. ನಾನು, ಮಗಳು, ಮಗ ಪುತ್ತೂರಿನಲ್ಲಿ.

ಮೊದಲು ಹೀಗಿರಲಿಲ್ಲ. 2016ರಲ್ಲಿ ಮದುವೆಯಾಗಿ ನಾನೂ ಜಿದ್ದಾಕ್ಕೇ ಹೋದವಳು. 2017ರ ಜುಲೈಯಿಂದ ಸೌದಿ ಸರಕಾರ ವಿದೇಶಿ ನೌಕರರ ಜೊತೆಗಿರುವ ಮನೆಯವರಿಗೆ ತಲೆಗೊಂದರಂತೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. ಅದು ವರ್ಷ ವರ್ಷ ನೂರು ನೂರು ಏರಿ 2020ಕ್ಕೆ 400 ಆಯಿತು. ಹೆಂಡತಿ, ಇಬ್ಬರು ಮಕ್ಕಳೆಂದರೆ ತಿಂಗಳಿಗೆ 1,200 ರಿಯಾಲ್. ನಮ್ಮ ಲೆಕ್ಕದಲ್ಲಿ ಇಪ್ಪತ್ತೈದು ಸಾವಿರ ರೂಪಾಯಿ ದಾಟುತ್ತದೆ. ಅಂಗಡಿಯ ಲೆಕ್ಕ ಬರೆಯುವವರಿಗೆ, ವ್ಯಾನ್ ಓಡಿಸುವವರಿಗೆ ಅದು ಬಾಡಿಗೆಯ ಮೇಲೆ ಇನ್ನೊಂದು ಬಾಡಿಗೆ. ಆ ವರ್ಷಗಳಲ್ಲಿ ನನ್ನ ಹಾಗೆ ಎಷ್ಟೋ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಮರಳಿದೆವು. ಗಂಡಸರು ಅಲ್ಲೇ ಉಳಿದರು. ಹೆಂಡತಿ ಮಕ್ಕಳು ಜೊತೆಗಿಲ್ಲದ ಗಂಡಸನ್ನು ಗಲ್ಫಿನಲ್ಲಿ ‘ಬ್ಯಾಚುಲರ್’ ಎನ್ನುತ್ತಾರೆ. ಮದುವೆಯಾಗಿ ಎರಡು ಮಕ್ಕಳಿದ್ದರೂ ಬ್ಯಾಚುಲರ್ರೇ. ನಮ್ಮವರು ಈಗ ಇರುವುದು ಆರು ಜನರ ಬ್ಯಾಚುಲರ್ ರೂಮಿನಲ್ಲಿ.

2024ರ ಏಪ್ರಿಲ್‌ನಲ್ಲಿ ವಿಸಿಟ್ ವೀಸಾ ಆಯಿತು. ಪುತ್ತೂರು ಜಾತ್ರೆ ಏಪ್ರಿಲ್ ಹತ್ತಕ್ಕೆ ಶುರು, ಹದಿನೇಳಕ್ಕೆ ತೇರು. ತೇರು ನೋಡದೆ ಹೊರಡುವುದಿಲ್ಲ ಎಂದು ಮಗಳು ಹಟ ಹಿಡಿದಳು. ಅವಳಿಗೆ ದೇವರ ತೇರಿನಷ್ಟೇ ಮುಖ್ಯವಾದದ್ದು ಗದ್ದೆಯಲ್ಲಿ ನಿಲ್ಲಿಸುವ ತೊಟ್ಟಿಲು. ನಾವು ತೊಟ್ಟಿಲು ಅಂತಲೇ ಹೇಳುವುದು; ಈಗಿನವರು ಜಾಯಿಂಟ್ ವೀಲ್ ಎನ್ನುತ್ತಾರೆ. ಹಾಗಾಗಿ ತೇರು ಮುಗಿಸಿ ವಿಮಾನ ಹತ್ತಿದೆವು. ಫೋನಿನಲ್ಲಿ ಅಪ್ಪ ಅವಳಿಗೆ ಮೊದಲೇ ಮಾತು ಕೊಟ್ಟಿದ್ದರು: “ಇಲ್ಲಿ ತಾಯಿಫ್ ಅಂತ ಒಂದು ಊರು ಉಂಟು. ಗುಡ್ಡದ ಮೇಲೆ. ಅಲ್ಲಿ ತೊಟ್ಟಿಲಿಗಿಂತ ದೊಡ್ಡದು ಉಂಟು. ಕರ್ಕೊಂಡು ಹೋಗ್ತೇನೆ.”

ತಾಯಿಫ್ ಜಿದ್ದಾದಿಂದ ನೂರ ಎಪ್ಪತ್ತು ಕಿಲೋಮೀಟರಿನಷ್ಟು ದೂರ. ಸಮುದ್ರ ಮಟ್ಟದಿಂದ ಸುಮಾರು 1,800 ಮೀಟರ್ ಎತ್ತರ, ಅಂದರೆ ನಮ್ಮ ಮಡಿಕೇರಿಗಿಂತಲೂ ಆರುನೂರು ಮೀಟರ್ ಮೇಲೆ. ಜಿದ್ದಾದ ಬೇಗೆಯಲ್ಲಿ ಬಟ್ಟೆ ಮೈಗೆ ಅಂಟುವ ಹೊತ್ತಿಗೆ ಅಲ್ಲಿ ರಾತ್ರಿ ಸ್ವೆಟರ್ ಬೇಕಾಗುತ್ತದೆ. ಸೌದಿಯವರೇ ಬೇಸಿಗೆ ಕಳೆಯಲು ಹೋಗುವ ಊರದು. ದ್ರಾಕ್ಷಿ, ದಾಳಿಂಬೆ, ಅಂಜೂರ ಬೆಳೆಯುವ ಊರು. ಎಲ್ಲಕ್ಕಿಂತ ಹೆಚ್ಚಾಗಿ ಗುಲಾಬಿಯ ಊರು.

ಇನ್ನೊಂದು ವಿಷಯ ಹೇಳಬೇಕು. ಅಲ್ಲಿ ಆಟದ ಪಾರ್ಕಿಗೆ ‘ಮಲಾಹಿ’ ಎನ್ನುತ್ತಾರೆ. ನಮ್ಮವರೂ ಹಾಗೆಯೇ ಹೇಳಲು ಕಲಿತಿದ್ದಾರೆ. ಎಷ್ಟೋ ಮಲಾಹಿಗಳು ಬಹುಕಾಲದಿಂದ ಕುಟುಂಬದವರಿಗೆ ಮಾತ್ರ. ಈಗೀಗ ನಿಯಮ ಸಡಿಲಾಗಿದ್ದರೂ, ಒಬ್ಬನೇ ಬಂದ ಗಂಡಸನ್ನು ಒಳಗೆ ಬಿಡದ ಕಡೆ ಇನ್ನೂ ಇವೆ. ಹದಿನಾಲ್ಕು ವರ್ಷ ಆ ದೇಶದಲ್ಲಿ ದುಡಿದ ನಮ್ಮವರು, ನಾವು ಊರಿಗೆ ಬಂದ ಮೇಲೆ ಅಂಥ ಒಂದು ಬಾಗಿಲನ್ನೂ ದಾಟಿರಲಿಲ್ಲ. ಮಕ್ಕಳ ಕೈ ಹಿಡಿದುಕೊಂಡೇ ಅವರು ಒಳಗೆ ಹೋಗಬೇಕಾಗಿತ್ತು.

ಒಂದು ಶುಕ್ರವಾರ ಹೊರಟೆವು. ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ನಮ್ಮ ಜೊತೆ ಇನ್ನೊಂದು ಕಾರು, ಉಪ್ಪಿನಂಗಡಿ ಕಡೆಯ ಒಂದು ಬ್ಯಾರಿ ಮುಸ್ಲಿಂ ಕುಟುಂಬ. ಆ ಮನೆಯ ಗಂಡಸು ನಮ್ಮ ಯಜಮಾನರ ಜೊತೆ ಕೆಲಸ ಮಾಡುವವರು. ಮಕ್ಕಳಿಗೆ ಅವರು ಮಾಮ, ಅವರ ಮನೆಯವರು ನನ್ನನ್ನು ಅಕ್ಕ ಎನ್ನುತ್ತಾರೆ. ಜಿದ್ದಾದಿಂದ ಒಟ್ಟಿಗೆ ಹೊರಟ ಎರಡು ಕಾರು ಮಕ್ಕಾ ಹತ್ತಿರವಾಗುವಾಗ ಬೇರೆಯಾದವು. ಮಕ್ಕಾದ ಗಡಿಯೊಳಗೆ ಮುಸ್ಲಿಮರಲ್ಲದವರಿಗೆ ಪ್ರವೇಶವಿಲ್ಲ. ನಮಗೆ ಸುತ್ತು ಹಾಕುವ ರಸ್ತೆ. ಅವರು ನೇರ ಹೋಗಿ, ಅಲ್ಲಿ ನಮಾಜು ಮುಗಿಸಿ, ಸಂಜೆಗೆ ನಮ್ಮನ್ನು ಗುಡ್ಡದ ಮೇಲೆ ಸೇರುವುದೆಂದಾಯಿತು. ಕಾರು ಕವಲೊಡೆಯುವಾಗ ಅವರ ಮಗ, ನಮ್ಮ ಮಗಳು ಕಿಟಕಿಯಿಂದ ಕೈ ಬೀಸಿದರು. “ಮೇಲೆ ಸಿಗುವಾ ಅಕ್ಕ” ಎಂದು ಫೋನಿನಲ್ಲಿ ಮಾಮನ ಮನೆಯವರ ಧ್ವನಿ.

ತಾಯಿಫಿಗೆ ಹತ್ತುವ ಅಲ್ ಹದಾ ಘಾಟಿಯನ್ನು ನಾನು ಮರೆಯುವುದಿಲ್ಲ. ಚಾರ್ಮಾಡಿಯ ತಿರುವುಗಳನ್ನು ಹತ್ತಿ ಇಳಿದವರು ನಾವು. ಆದರೆ ಚಾರ್ಮಾಡಿಯಲ್ಲಿ ಕಾಡು ಕಣ್ಣನ್ನು ಮುಚ್ಚುತ್ತದೆ. ಇಲ್ಲಿ ಬೋಳು ಬಂಡೆ, ಕೆಳಗೆ ನೋಡಿದರೆ ಬಂದ ರಸ್ತೆಯೆಲ್ಲ ಹಗ್ಗ ಬಿಸಾಡಿದ ಹಾಗೆ ಬಿದ್ದಿರುತ್ತದೆ. ಇಪ್ಪತ್ತು ಚಿಲ್ಲರೆ ಕಿಲೋಮೀಟರಿನಲ್ಲಿ 93 ತಿರುವು ಎಂದು ಅಲ್ಲಿಯವರು ಲೆಕ್ಕ ಹೇಳುತ್ತಾರೆ. ಅರವತ್ತರ ದಶಕದಲ್ಲಿ ಬಂಡೆ ಒಡೆದು ಮಾಡಿದ ದಾರಿ. ಮಗನಿಗೆ ಕಿವಿ ಮುಚ್ಚಿ ಅಳು ಬಂತು. ಇಂಥ ಘಾಟಿ ಹತ್ತುವಾಗ ಮಕ್ಕಳ ಬಾಯಿಗೆ ಏನಾದರೂ ಚೀಪಲು ಕೊಡಬೇಕು. ನುಂಗುವಾಗ ಕಿವಿಯೊಳಗಿನ ಒತ್ತಡ ಸರಿಹೋಗುತ್ತದೆ. ನಾನು ಊರಿನಿಂದ ತಂದ ಪೆಪ್ಪರ್‌ಮಿಂಟು ಕೊಟ್ಟೆ. ಹೊಟ್ಟೆ ತುಂಬ ತಿನ್ನಿಸಿ ಹತ್ತಿಸಬಾರದು ಎಂಬುದನ್ನು ಮಾತ್ರ ಆ ದಿನ ಕಷ್ಟಪಟ್ಟೇ ಕಲಿತೆ.

ತುದಿ ಮುಟ್ಟುವಾಗ ರಸ್ತೆ ಬದಿಯ ಗೋಡೆಯ ಮೇಲೆ ಮಂಗಗಳು. ನಮ್ಮ ಮಂಗಗಳಲ್ಲ, ಬಬೂನ್‌ಗಳು. ಗಂಡಿಗೆ ಭುಜದವರೆಗೆ ಬೆಳ್ಳಿ ಬಣ್ಣದ ಜೂಲು, ಕೆಂಪು ಮುಖ. ಜನ ಕಾರು ನಿಲ್ಲಿಸಿ ಬಾಳೆಹಣ್ಣು ಎಸೆಯುತ್ತಾರೆ. ಹಾಕಬಾರದೆಂದು ಅಲ್ಲಿನ ವನ್ಯಜೀವಿ ಇಲಾಖೆ ಹೇಳುತ್ತಲೇ ಇದೆ, ದಂಡವೂ ಇದೆ. ತಿಂಡಿ ಕಂಡ ಬಬೂನ್ ಮಗುವಿನ ಕೈ ಯಾವುದು, ಹಣ್ಣು ಯಾವುದು ಎಂದು ನೋಡುವುದಿಲ್ಲ. ಗಾಜು ಏರಿಸಿಯೇ ನೋಡಿದೆವು.

ಹನ್ನೊಂದು ಗಂಟೆಗೆ ಮಲಾಹಿಯ ಎದುರು ನಿಂತೆವು. ಬಾಗಿಲು ಮುಚ್ಚಿತ್ತು. ನಮ್ಮ ಬಿಡದಿಯ ವಂಡರ್‌ಲಾ ಹಾಗೆ ಬೆಳಿಗ್ಗೆ ತೆರೆದು ಸಂಜೆ ಮುಚ್ಚುವ ಕ್ರಮ ಅಲ್ಲಿಲ್ಲ. ಸೌದಿಯ ಮಲಾಹಿಗಳು ಹೆಚ್ಚಾಗಿ ತೆರೆಯುವುದೇ ಸಂಜೆ ನಾಲ್ಕೋ ಐದೋ ಗಂಟೆಗೆ, ನಡುರಾತ್ರಿಯವರೆಗೂ ನಡೆಯುತ್ತವೆ. ಬಿಸಿಲ ದೇಶದ ಮಕ್ಕಳು ಮಧ್ಯಾಹ್ನ ನಿದ್ದೆ ಮಾಡಿ ರಾತ್ರಿ ಆಡುತ್ತಾರೆ. ಒಂಬತ್ತಕ್ಕೆ ಮಲಗುವ ನಮ್ಮ ಮಕ್ಕಳಿಗೆ ಅದು ಉಲ್ಟಾ. ಅಲ್ಲಿಗೆ ಹೋಗುವವರು ಇದೊಂದನ್ನು ನೆನಪಿಡಿ: ಮಧ್ಯಾಹ್ನ ಮಕ್ಕಳನ್ನು ಮಲಗಿಸದೆ ಮಲಾಹಿಗೆ ಕಾಲಿಡಬೇಡಿ.

ಹಗಲು ಹೊತ್ತು ಕಳೆಯಲು ಗುಲಾಬಿ ಇತ್ತು. ಮಾರ್ಚ್, ಏಪ್ರಿಲ್ ಅಲ್ಲಿ ಹೂವಿನ ಕಾಲ. ನಾವು ಹೋದದ್ದು ಅದರ ಕೊನೆಗೆ. ಹೂವನ್ನು ಬಿಸಿಲು ಏರುವ ಮೊದಲೇ ಕೊಯ್ಯಬೇಕು, ಇಲ್ಲದಿದ್ದರೆ ಸುವಾಸನೆ ಹಾರಿಹೋಗುತ್ತದೆ. ನಮ್ಮ ಶಂಕರಪುರದ ಮಲ್ಲಿಗೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕೊಯ್ದದ್ದನ್ನು ತಾಮ್ರದ ಹಂಡೆಯಲ್ಲಿ ನೀರು ಹಾಕಿ ಕಾಯಿಸಿ, ಹಬೆ ಹಿಡಿದು ತಣಿಸಿ ಅತ್ತರು ತೆಗೆಯುತ್ತಾರೆ. ಅಳತೆ ಯಾವುದು ಗೊತ್ತೇ? ತೊಲ. ನಮ್ಮ ಅಜ್ಜಿಯಂದಿರು ಚಿನ್ನ ಅಳೆದ ಅದೇ ತೊಲ. ಒಂದು ತೊಲ ಅತ್ತರಿಗೆ ಸುಮಾರು ಹನ್ನೆರಡು ಸಾವಿರ ಹೂವು ಬೇಕು. ತಾಯಿಫಿನ ಈ ಗುಲಾಬಿ ಕಸುಬು, ಆಚರಣೆಗಳನ್ನು 2024ರ ಕೊನೆಗೆ ಯುನೆಸ್ಕೊ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಮಗ ಎಸಳು ಬಾಚಿ ಜೇಬಿಗೆ ತುಂಬಿಸಿಕೊಂಡ. ರೋಪ್‌ವೇಯಲ್ಲೂ ಕೂತೆವು. ಅಲ್ ಹದಾದಿಂದ ಕೆಳಗಿನ ಅಲ್ ಕರ್ ಎಂಬ ಪ್ರವಾಸಿ ಗ್ರಾಮಕ್ಕೆ ನಾಲ್ಕು ಕಿಲೋಮೀಟರಿಗೂ ಮಿಕ್ಕಿದ ತಂತಿಯ ದಾರಿ. ಹತ್ತಿ ಬಂದ ಘಾಟಿಯೇ ಕಾಲಡಿಯಲ್ಲಿ ಕಾಣುತ್ತದೆ. ಮಗಳಿಗೆ ಸಂಭ್ರಮ. ಮಗ ನನ್ನ ಮಡಿಲಲ್ಲಿ ಮುಖ ಹುದುಗಿಸಿಕೊಂಡೇ ಇದ್ದ.

ಮಗನಿಗೆ ಆಗ ಮೂರು ವರ್ಷ. ಅವನಿಗೆ ಅಪ್ಪ ಎಂದರೆ ಫೋನಿನೊಳಗಿನ ಮುಖ. ವಿಮಾನ ನಿಲ್ದಾಣದಲ್ಲಿ ಆ ಮುಖಕ್ಕೆ ಕೈ, ಕಾಲು, ಬೆವರಿನ ವಾಸನೆ ಎಲ್ಲ ಬಂದು ಎದುರು ನಿಂತಾಗ ಅವನು ನನ್ನ ಸೆರಗಿನ ಹಿಂದೆ ಹೋದ. ಹತ್ತು ದಿನವಾದರೂ ಅಪ್ಪ ಎತ್ತಿಕೊಳ್ಳಲು ಬಂದರೆ ಮೈ ಗಟ್ಟಿ ಮಾಡುತ್ತಿದ್ದ. ಅವರು ಏನೂ ಹೇಳುತ್ತಿರಲಿಲ್ಲ. ರಾತ್ರಿ ಅವನು ಮಲಗಿದ ಮೇಲೆ ಹತ್ತಿರ ಹೋಗಿ ಕೂರುತ್ತಿದ್ದರು.

ಸಂಜೆ ಐದಕ್ಕೆ ಬಾಗಿಲು ತೆರೆಯಿತು. ಮಾಮನ ಕಾರೂ ಬಂತು. ಮಗಳು ಎಲ್ಲವನ್ನೂ ಬಿಟ್ಟು ಒಂದೇ ಯಂತ್ರದ ಕಡೆ ಓಡಿದಳು. ಎತ್ತರದ ಕಂಬಕ್ಕೆ ಕುರ್ಚಿಗಳು, ಸುತ್ತುತ್ತ ಮೇಲೇರುವ ಆಟ. ಬಾಗಿಲಲ್ಲಿ ಒಂದು ಬಣ್ಣದ ಕೋಲು, 120 ಸೆಂಟಿಮೀಟರಿಗೆ ಗೆರೆ. ಯಂತ್ರ ನಡೆಸುವ ಹುಡುಗ ನಮ್ಮ ಉಪಖಂಡದವನೇ, ಹಿಂದಿ ಮಾತಾಡುತ್ತಿದ್ದ. ಮಗಳನ್ನು ಕೋಲಿಗೆ ನಿಲ್ಲಿಸಿದ. ಚಪ್ಪಲಿ ಬಿಚ್ಚಲು ಹೇಳಿದ. ಬಗ್ಗಿ, ತಲೆಯ ಮೇಲೆ ಅಂಗೈ ಚಪ್ಪಟೆ ಇಟ್ಟು ನೋಡಿದ. ಇನ್ನೊಮ್ಮೆ ನಿಲ್ಲಿಸಿ ಮತ್ತೆ ನೋಡಿದ. ಎರಡು ಬೆರಳು ಕಡಿಮೆ. ಆಗುವುದಿಲ್ಲ ಎಂದ.

ಅವಳ ಮುಖ ನೋಡಲಾಗಲಿಲ್ಲ. ಅಪ್ಪ ಮಾತು ಕೊಟ್ಟದ್ದು, ಆರು ತಿಂಗಳು ಶಾಲೆಯಲ್ಲಿ ಎಲ್ಲರಿಗೂ ಹೇಳಿಕೊಂಡದ್ದು, ಎರಡು ಬೆರಳಲ್ಲಿ ಹೋಯಿತು. ನಮ್ಮವರು ಆ ಹುಡುಗನ ಹತ್ತಿರ ಬೇಡಿಕೊಂಡರು. “ಎರಡು ಬೆರಳಲ್ವಾ ಭಾಯಿ, ದೂರದಿಂದ ಬಂದಿದ್ದೇವೆ, ನಾನೇ ಪಕ್ಕದಲ್ಲಿ ಹಿಡ್ಕೊಂಡು ಕೂತ್ಕೊಳ್ತೇನೆ.” ನಾನೂ ಪಕ್ಕದಲ್ಲಿ ನಿಂತು ತಲೆಯಾಡಿಸಿದೆ. ಅವನು ಒಪ್ಪಲಿಲ್ಲ. ಸರದಿಯಲ್ಲಿದ್ದವರು ಗೊಣಗಿದರೂ ಒಪ್ಪಲಿಲ್ಲ.

ಕೇಳುಗರೇ, ಆ ಹುಡುಗ ಮಾಡಿದ್ದೇ ಸರಿ. ನಾವು ಕೇಳಿದ್ದು ತಪ್ಪು. ಆ ಗೆರೆ ಎಲ್ಲಿಂದ ಬಂತು ಎಂದು ನಾನು ಆಮೇಲೆ ಓದಿ ತಿಳಿದುಕೊಂಡೆ. ಕುರ್ಚಿಯ ಕಂಬಿ ಕೂತವರ ತೊಡೆಯ ಮೇಲೆ, ಭುಜದ ಮೇಲೆ ಇಂತಿಷ್ಟು ಜಾಗದಲ್ಲಿ ಕೂರಬೇಕೆಂದು ಮಾಡಿರುತ್ತಾರೆ. ಗಿಡ್ಡ ಮಗುವಿಗೆ ಅದು ಹೊಟ್ಟೆಗೋ ಎದೆಗೋ ಬರುತ್ತದೆ, ಕಂಬಿಗೂ ಮೈಗೂ ನಡುವೆ ಸಂದಿ ಉಳಿಯುತ್ತದೆ. ಯಂತ್ರ ಜೋರಾಗಿ ತಿರುಗುವಾಗ ಮೈ ಆ ಸಂದಿಯಿಂದ ಜಾರುತ್ತದೆ. ಪಕ್ಕದಲ್ಲಿ ಅಪ್ಪ ಹಿಡಿದುಕೊಂಡರೆ ಆಗುವುದಿಲ್ಲವೇ? ಆಗುವುದಿಲ್ಲ. ಯಂತ್ರದ ಸೆಳೆತದ ಎದುರು ಮನುಷ್ಯನ ಕೈ ಸಾಲುವುದಿಲ್ಲ. ಬೇರೆ ಬೇರೆ ಆಟಕ್ಕೆ ಬೇರೆ ಬೇರೆ ಗೆರೆ ಇರುವುದು ಇದಕ್ಕೇ. ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ಟಿಗೂ ವಯಸ್ಸಲ್ಲ, ಎತ್ತರವೇ ಲೆಕ್ಕ.

ಯಂತ್ರವನ್ನು ನಂಬಬಹುದು, ಆದರೆ ಅದನ್ನು ದಿನಾ ಪರೀಕ್ಷಿಸುವ ಮನುಷ್ಯರು ಇದ್ದಾಗ ಮಾತ್ರ. 2025ರ ಜುಲೈ ಕೊನೆಯಲ್ಲಿ ಅದೇ ಅಲ್ ಹದಾದ ಒಂದು ಉದ್ಯಾನದಲ್ಲಿ ‘360 ಡಿಗ್ರಿ’ ಎಂಬ ಲೋಲಕದಂಥ ಆಟದ ಯಂತ್ರ ಜನ ಕೂತಿರುವಾಗಲೇ ಮುರಿದು ಕೆಳಗೆ ಬಿತ್ತು. 23 ಮಂದಿಗೆ ಗಾಯವಾಯಿತು. ಆ ದೃಶ್ಯ ಫೋನಿನಿಂದ ಫೋನಿಗೆ ನಮ್ಮೂರಿಗೂ ಬಂತು. ಅದನ್ನು ನೋಡಿದ ರಾತ್ರಿ ನನಗೆ ನೆನಪಾದದ್ದು, ಬಗ್ಗಿ ಅಂಗೈ ಇಟ್ಟು ಎರಡೆರಡು ಸಲ ಅಳೆದ ಆ ಹುಡುಗ. ನಮ್ಮ ಜಾತ್ರೆಯ ತೊಟ್ಟಿಲಿಗೂ ಈ ಮಾತು ಸಲ್ಲುತ್ತದೆ. ಎರಡು ದಿನದಲ್ಲಿ ಗದ್ದೆಯಲ್ಲಿ ಕಟ್ಟಿ, ಹತ್ತು ದಿನ ಬಿಟ್ಟು ಬಿಚ್ಚುವ ತೊಟ್ಟಿಲು ಅದು. ಯಾರು ಪರೀಕ್ಷೆ ಮಾಡಿದರು, ಯಾವಾಗ ಮಾಡಿದರು ಎಂದು ನಾವು ಕೇಳುವುದಿಲ್ಲ. ಕೇಳಬೇಕು. ಮಗುವಿಗೆ ಆಗುವುದಿಲ್ಲ ಎಂದು ಹೇಳುವ ಒಬ್ಬ ಮನುಷ್ಯ ಬಾಗಿಲಲ್ಲಿ ಇರಬೇಕೆಂದು ಕೇಳುವುದು ತಾಯಿ ತಂದೆಯ ಹಕ್ಕು.

ಆ ಸಂಜೆ, ಅಳುವ ಮಗಳನ್ನು ನಾನು ಪಕ್ಕಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಬಲೀಲಾ ಮಾರುತ್ತಿದ್ದರು. ಬೇಯಿಸಿದ ಕಡಲೆಗೆ ವಿನೆಗರ್, ಉಪ್ಪಿನಕಾಯಿಯ ಚೂರು, ಜೀರಿಗೆ ಪುಡಿ. ಹುಳಿ ಬಿದ್ದ ನಮ್ಮ ಕಡಲೆ ಉಸ್ಲಿ ಎನ್ನಬಹುದು. ಒಂದು ಕಪ್ಪು ತೆಗೆದುಕೊಂಡು ಬೆಂಚಿನಲ್ಲಿ ಕೂತೆವು. ಸಮಾಧಾನದ ಮಾತು ಹೇಳಲಿಲ್ಲ. ಅತ್ತು ಮುಗಿಯಲಿ ಎಂದು ಬಿಟ್ಟೆ. ಅದೇ ಹೊತ್ತಿಗೆ ಎದುರಿನ ಪುಟ್ಟ ರೈಲು ಮಗನ ಕಣ್ಣಿಗೆ ಬಿತ್ತು. ಬೆಂಗಳೂರಿನ ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲಿಗಿಂತಲೂ ಚಿಕ್ಕದು. ಮೂರು ಡಬ್ಬಿ, ನಲ್ವತ್ತು ಹೆಜ್ಜೆಯ ಸುತ್ತು. ಸಣ್ಣ ಮಕ್ಕಳ ಜೊತೆ ದೊಡ್ಡವರೊಬ್ಬರು ಕೂರಲೇಬೇಕು. ನನ್ನ ತೊಡೆಯ ಮೇಲೆ ಮಗಳ ತಲೆ. ಏಳುವಂತಿರಲಿಲ್ಲ. ಅವನು ನನ್ನನ್ನು ನೋಡಿದ, ರೈಲನ್ನು ನೋಡಿದ. ಮತ್ತೆ ಅಪ್ಪನ ಬೆರಳು ಹಿಡಿದ.

ಐದೂಮುಕ್ಕಾಲು ಅಡಿಯ ಮನುಷ್ಯ ಆ ಡಬ್ಬಿಯಲ್ಲಿ ಮೊಣಕಾಲು ಮಡಚಿ ಗದ್ದಕ್ಕೆ ತಾಗಿಸಿ ಕೂತರು. ಮೊದಲ ಸುತ್ತಿನಲ್ಲಿ ಮಗ ಡಬ್ಬಿಯ ಅಂಚು ಹಿಡಿದಿದ್ದ. ತಿರುವಿನಲ್ಲಿ ಡಬ್ಬಿ ಒಮ್ಮೆ ಕುಲುಕಿತು. ಎರಡನೇ ಸುತ್ತಿಗೆ ಬರುವಾಗ ಅವನ ಮುಷ್ಟಿಯಲ್ಲಿ ಅಪ್ಪನ ಅಂಗಿಯ ಎದೆಯ ಭಾಗ ಇತ್ತು. ಮೂರನೇ ಸುತ್ತಿನಲ್ಲಿ ಜೇಬಿನಿಂದ ಬಾಡಿದ ಗುಲಾಬಿ ಎಸಳು ತೆಗೆದು ಅಪ್ಪನ ಬಾಯಿಗೆ ತುರುಕುತ್ತಿದ್ದ. ಸಂಜೆಯ ನಮಾಜಿಗೆ ಕರೆಯುವ ಮಗ್ರಿಬ್ ಬಾಂಗ್ ಆಯಿತು, ಯಂತ್ರಗಳೆಲ್ಲ ನಿಂತವು. ಮಾಮ ನಮಾಜಿಗೆ ಹೋದರು. ನಿಂತ ರೈಲಿನಲ್ಲೇ ಅಪ್ಪ, ಮಗ ಇಬ್ಬರೂ ಕೂತಿದ್ದರು. ಇಳಿಯಿರಿ ಎಂದು ಯಾರೂ ಹೇಳಲಿಲ್ಲ. ಬಾಂಗ್ ಮುಗಿದು, ನಮಾಜು ಮುಗಿದು ಮತ್ತೆ ರೈಲು ಹೊರಟಿತು. ಒಟ್ಟು ಏಳು ಸಲ ಸುತ್ತಿದರು.

ಬೆಂಚಿನಿಂದ ಅವರನ್ನು ನೋಡುತ್ತ ನನಗೊಂದು ಕತೆ ನೆನಪಾಯಿತು. ಅಮೆರಿಕದ ವಾಲ್ಟ್ ಡಿಸ್ನಿ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದರು. ಮಕ್ಕಳು ಮರದ ಕುದುರೆಗಳ ಮೇಲೆ ಸುತ್ತುವಾಗ ಅವರು ಬೆಂಚಿನಲ್ಲಿ ಕೂತಿರಬೇಕು. ತಂದೆ ತಾಯಿಯೂ ಮಕ್ಕಳೂ ಒಟ್ಟಿಗೆ ಆಡುವ ಜಾಗ ಯಾಕಿಲ್ಲ ಎಂದು ಆ ಬೆಂಚಿನಲ್ಲಿ ಅನಿಸಿತು ಎಂದು ಅವರೇ ಹೇಳಿದ್ದಾರೆ. 1955ರ ಜುಲೈ 17ರಂದು ಅವರ ಡಿಸ್ನಿಲ್ಯಾಂಡ್ ತೆರೆಯಿತು. ಆದರೂ ಇವತ್ತು ಜಗತ್ತಿನ ಯಾವ ಪಾರ್ಕಿಗೆ ಹೋದರೂ ಬೇಲಿಯ ಹೊರಗೆ ಫೋನು ಎತ್ತಿ ಹಿಡಿದು ನಿಂತ ಅಪ್ಪಂದಿರು ಸಾಲುಸಾಲು ಕಾಣುತ್ತಾರೆ. ದಯವಿಟ್ಟು ಒಳಗೆ ಹೋಗಿ. ಮಂಡಿ ನೋಯಲಿ, ಡಬ್ಬಿ ಚಿಕ್ಕದಾಗಲಿ, ಮಗುವಿನ ಪಕ್ಕದಲ್ಲಿ ಕೂರಿ. ಯಾವಾಗಲೋ ಒಮ್ಮೆ ಸಿಗುವ ಅಪ್ಪನಿಗೆ ಆ ಏಳು ಸುತ್ತು ಕೊಟ್ಟದ್ದನ್ನು ಬೇಲಿಯ ಹೊರಗಿನ ವಿಡಿಯೋ ಕೊಡಲಾರದು. ಆ ರಾತ್ರಿ ಘಾಟಿ ಇಳಿಯುವಾಗ ಹಿಂದಿನ ಸೀಟಿನಿಂದ ಮಗ ಕೇಳಿದ: “ಅಪ್ಪ, ಊರಿಗೆ ಬರುವಾಗ ರೈಲು ತರ್ತೀಯಾ?” ಎದುರು ಕಂಡು ಹತ್ತು ದಿನದ ಮೇಲೆ ಅವನು ಅಪ್ಪನ ಹತ್ತಿರ ತಾನಾಗಿ ಆಡಿದ ಮೊದಲ ಮಾತು ಅದು.

ಮಗಳಿಗೆ ಅಪ್ಪ ಮತ್ತೆ ಮಾತು ಕೊಟ್ಟರು, ಬರುವ ವರ್ಷ ಎಂದು. 2025ರಲ್ಲಿ ನಮಗೆ ವೀಸಾ ಆಗಲಿಲ್ಲ. ಅವರಿಗೂ ರಜೆ ಸಿಗಲಿಲ್ಲ. ನಮ್ಮ ಅಡುಗೆಮನೆಯ ದಾರಂದದಲ್ಲಿ ಪೆನ್ಸಿಲಿನ ಗೆರೆಗಳಿವೆ. ಪ್ರತಿ ತಿಂಗಳ ಒಂದನೇ ತಾರೀಕಿಗೆ ಮಗಳು ಚಪ್ಪಲಿ ಬಿಚ್ಚಿ ಬೆನ್ನು ತಾಗಿಸಿ ನಿಲ್ಲುತ್ತಾಳೆ. ತಲೆಯ ಮೇಲೆ ನಾನು ಅಂಗೈ ಚಪ್ಪಟೆ ಇಡಬೇಕು, ತಾಯಿಫಿನ ಆ ಹುಡುಗ ಇಟ್ಟ ಹಾಗೆಯೇ. 120ರ ಗೆರೆ ದಾಟಿದ ದಿನ ಅಪ್ಪನಿಗೆ ಫೋನು ಮಾಡಿ ಹೇಳಿದಳು. ಈ ತಿಂಗಳು 126.

ರಜೆಗೆ ಹೊರಡುವ ಎಲ್ಲರಿಗೂ ನನ್ನದೊಂದು ಕೋರಿಕೆ. ಬಿಡದಿಗೆ ಹೋಗಿ, ಪಿಲಿಕುಳಕ್ಕೆ ಹೋಗಿ, ತಾಯಿಫಿಗೇ ಹೋಗಿ. ಹೊರಡುವ ಮೊದಲು ಮಕ್ಕಳನ್ನು ದಾರಂದಕ್ಕೆ ನಿಲ್ಲಿಸಿ ಒಮ್ಮೆ ಅಳೆಯಿರಿ. ಯಾವ ಆಟ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಮನೆಯಲ್ಲೇ ಹೇಳಿ. ಅಪ್ಪ ದೂರದಲ್ಲಿದ್ದರೆ ಆ ಅಳತೆಯನ್ನು ಅವರಿಗೂ ತಿಳಿಸಿ.